ಕಾಣದ ತಂತಿ

ಕಣ್ಣಿಗೆ ಕಾಣುವ ವಸ್ತು ಕೆಟ್ಟರೆ ಮನುಷ್ಯನಿಗೆ ಅಷ್ಟಾಗಿ ದಿಗಿಲಿಲ್ಲ. ಬಾವಿಯ ಹಗ್ಗ ಹರಿದರೆ ಗಂಟು ಹಾಕಬಹುದು. ಮಾಡಿನ ಹೆಂಚು ಒಡೆದರೆ ಬದಲಿಸಬಹುದು. ಕಾಣದ ತಂತಿಯೇ ಕಡಿದುಹೋದರೆ ಯಾವ ತುದಿಯನ್ನು ಹಿಡಿಯುವುದು?

ಬಾಳೆಹೊನ್ನೂರಿನಲ್ಲಿ, ಭದ್ರೆಯ ದಂಡೆಗೆ ಸಮೀಪದ ತೋಟದ ಮನೆಯೊಂದರಲ್ಲಿ ಈ ಪ್ರಶ್ನೆ ಬರಿಯ ತರ್ಕವಾಗಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದ ಮಗ ಲ್ಯಾಪ್‌ಟಾಪನ್ನು ನಂಬಿ ಊರಿನಲ್ಲಿಯೇ ಉಳಿದಿದ್ದ. ಎಪ್ಪತ್ತು ದಾಟಿದ ತಾಯಿಗೆ ಕೊಟ್ಟಿಗೆಯನ್ನೂ ಅಡಿಕೆ ತೋಟವನ್ನೂ ಬಿಟ್ಟು ಪಟ್ಟಣ ಸೇರುವ ಮನಸ್ಸಿಲ್ಲ. ಸಂಪರ್ಕ ನಿಂತಿತೆಂದರೆ ಮಗ ಬಸ್ಸು ಹತ್ತಬೇಕು. ಆಕೆ ಒಬ್ಬಳೇ ದೀಪ ಹಚ್ಚಬೇಕು.

ಮುಂಗಾರಿಗೆ ಮುಂಚಿನ ಸಿಡಿಲೊಂದು ರೂಟರನ್ನು ಸುಟ್ಟಿತು. ಹೊಸದನ್ನು ತಂದವರು ಅದಕ್ಕೂ ಹಳೆಯ ಹೆಸರನ್ನೇ ಇಟ್ಟು, ಮಗನ ಫೋನಿನಲ್ಲಿ ಪಾಸ್‌ವರ್ಡನ್ನು ತಾವೇ ತುಂಬಿ ಹೊರಟುಹೋದರು. ಲ್ಯಾಪ್‌ಟಾಪಿನಲ್ಲಿ ಆ ಹೆಸರು ಕಾಣುತ್ತಿತ್ತು. ಸಂಪರ್ಕ ಮಾತ್ರ ಕೂಡುತ್ತಿರಲಿಲ್ಲ.

"ಹಿಂದೆ ರೇಡಿಯೋಕ್ಕೆ ಎರಡು ತಟ್ಟಿದರೆ ಹಾಡುತ್ತಿತ್ತು ಮಗಾ," ಎಂದಳು ತಾಯಿ. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಪರವಾನಗಿಯ ಹಣ ಕಟ್ಟಿ ರೇಡಿಯೋ ಕೇಳಿದ ಕಾಲದವಳು ಆಕೆ. ಇಂದಿನ ವೈಫೈಗೆ ಆ ಕಟ್ಟಳೆಯಿಲ್ಲ; ಅದು ಬಳಸುವ 2.4 ಗಿಗಾಹರ್ಟ್ಸ್ ತರಂಗಗಳನ್ನು ಭಾರತ ಸರಕಾರ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಆದರೆ ತಟ್ಟಿದರೆ ಹಾಡುವ ಗುಣವೂ ಅದಕ್ಕಿಲ್ಲ.

ಮಗ ತಟ್ಟಲಿಲ್ಲ, ಒಳ್ಳೆಯ ವೈದ್ಯನಂತೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿದ. ಹೊರಗಿನ ತಂತಿ ಸರಿಯಿದೆಯೇ? ಫೋನಿನ ಮೊಬೈಲ್ ಡೇಟಾವನ್ನು ಆರಿಸಿ ನೋಡಿದ. ವೈಫೈ ಒಂದರಿಂದಲೇ ಚಿತ್ರಗಳು ಬಂದುವು. ಅಲ್ಲಿಗೆ ಹೊರಗಿನ ತಂತಿಯೂ ರೂಟರೂ ನಿರ್ದೋಷಿಗಳಾದುವು. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ಜೋಡಿಸಿದ, ಕೆಲಸ ನಡೆಯಿತು. ಹಾಗಾದರೆ ದೋಷವಿರುವುದು ಅದರ ವೈಫೈಯಲ್ಲಿ ಮಾತ್ರ. ಒಳಗಿನ ವೈಫೈ ಭಾಗವೇ ಸತ್ತಿದೆಯೇ? ಸತ್ತಿದ್ದರೆ ಹೆಸರು ಕಾಣುತ್ತಿರಲಿಲ್ಲ. ಉಳಿದುದು ಒಂದೇ ಸಂದೇಹ: ಹೆಸರು ಹಳೆಯದು, ಪಾಸ್‌ವರ್ಡ್ ಹೊಸದು. ಪಾಪದ ಯಂತ್ರ ನೆನಪಿಟ್ಟುಕೊಂಡಿದ್ದ ಹಳೆಯ ಬೀಗದ ಕೈಯಿಂದಲೇ ಹೊಸ ಬೀಗವನ್ನು ತಿರುಗಿಸುತ್ತಿತ್ತು!

ಆ ಹೆಸರನ್ನು ಮರೆತುಬಿಡುವಂತೆ ಲ್ಯಾಪ್‌ಟಾಪಿಗೆ ಆಜ್ಞೆ ಕೊಟ್ಟು, ರೂಟರಿನ ಅಡಿಯಲ್ಲಿ ಅಂಟಿಸಿದ್ದ ಹೊಸ ಪಾಸ್‌ವರ್ಡನ್ನು ತುಂಬಿದೊಡನೆ ಸಂಪರ್ಕ ಕೂಡಿತು.

ಇನ್ನೊಂದು ತೊಡಕು ಉಳಿದಿತ್ತು. ರೂಟರು ಜಗಲಿಯಲ್ಲಿ, ಮಗ ಕೂರಬೇಕಾದುದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ತಾಯಿ ಕರೆದರೆ ಕೇಳುವಷ್ಟು ಹತ್ತಿರ. ನಡುವೆ ಹಳೆಯ ಕಾಲದ ದಪ್ಪ ಮಣ್ಣಿನ ಗೋಡೆಗಳು. 5 ಗಿಗಾಹರ್ಟ್ಸ್ ತರಂಗ ವೇಗದ್ದು, ಆದರೆ ಗೋಡೆಗಳಲ್ಲಿ ಬೇಗ ಸೊರಗುತ್ತದೆ, 2.4ರದು ವೇಗ ಕಡಿಮೆ, ನಡೆಯುವ ದೂರ ಹೆಚ್ಚು. ಮಗ ವೇಗವನ್ನು ಬಿಟ್ಟು ದೂರವನ್ನು ಆರಿಸಿಕೊಂಡ. ರೂಟರನ್ನು ನೆಲದಿಂದೆತ್ತಿ ಎತ್ತರದ ಹಲಗೆಯ ಮೇಲಿಟ್ಟ. ಸಿಡಿಲು ಗುಡುಗಿದೊಡನೆ ಅದರ ತಂತಿಗಳನ್ನೆಲ್ಲ ಕಿತ್ತಿಡುವ ನಿಯಮವನ್ನೂ ಮಾಡಿಕೊಂಡ.

"ಮರೆತಿದ್ದರಿಂದ ಸರಿಹೋಯಿತೇ?" ಎಂದು ತಾಯಿ ನಕ್ಕಳು. "ಹಾಗಿದ್ದರೆ ನಾನು ದಿನಾ ಮರೆಯುವುದಕ್ಕೆ ನೀನು ಸಿಡುಕಬೇಡ."

ಸೋಮವಾರದ ಕಚೇರಿಯ ಸಭೆ ಅಡುಗೆಮನೆಯ ಪಕ್ಕದ ಕೋಣೆಯಿಂದಲೇ ನಡೆಯಿತು.