ಹೊಲದ ಲಗ್ನಕ್ಕೆ ಬಂದವರು ಎಲ್ಲಿ ಮಲಗಬೇಕು

ಲಗ್ನಪತ್ರಿಕೆಯ ಕೆಳಗಿನ ಮೂಲೆಯಲ್ಲಿ ಈಗೀಗ ಕ್ಯೂಆರ್ ಕೋಡ್ ಅಚ್ಚಾಗಿ ಬರುತ್ತಿದೆ. ಮೊದಲು ಆ ಜಾಗದಲ್ಲಿ ‘ಸೂಚನೆ’ ಎಂದು ಎರಡು ಸಾಲು ಇರುತ್ತಿದ್ದವು. ಬೀದರದಿಂದ ಬರುವವರು ಎಲ್ಲಿ ಇಳಿಯಬೇಕು, ಜಹೀರಾಬಾದ್ ಸ್ಟೇಷನ್ನಿನಲ್ಲಿ ಯಾರು ಕಾಯುತ್ತಿರುತ್ತಾರೆ, ರಾತ್ರಿ ಹೊತ್ತಾಗಿ ಬಂದರೆ ಯಾರ ಮನೆ ಬಾಗಿಲು ತಟ್ಟಬೇಕು, ಎಲ್ಲ ಅದರಲ್ಲಿ ಸಿಗುತ್ತಿತ್ತು. ಹೋದ ಬೇಸಿಗೆಯಲ್ಲಿ ಕಾಕಾನ ಮಗಳ ಲಗ್ನದ ಪತ್ರಿಕೆ ಬಂದಾಗ ನಾನು ಹುಡುಕಿದ್ದು ಆ ಎರಡು ಸಾಲುಗಳನ್ನೇ. ಇರಲಿಲ್ಲ. ಮದುಮಗಳ ಅಣ್ಣ ಹೈದರಾಬಾದಿನಲ್ಲಿ ನೌಕರಿ ಮಾಡುವವನು. ಪತ್ರಿಕೆ ಮಾಡಿಸಿದವನೂ ಅವನೇ. “ಸ್ಕ್ಯಾನ್ ಮಾಡಿದ್ರ ಸಾಕು ಅಕ್ಕಾ, ಸೀದಾ ಹೊಲಕ್ಕ ತಂದು ನಿಂದರಸ್ತದ,” ಎಂದ.

ತಂದು ನಿಲ್ಲಿಸುತ್ತದೆ, ಸರಿ. ಆಮೇಲೆ? ಬಂದವರ ಕೈಯಲ್ಲಿನ ಚೀಲ ಯಾರು ಇಸಿದುಕೊಳ್ಳಬೇಕು? ಮೊಣಕಾಲು ನೋವಿನ ಮುದುಕಿಯನ್ನು ಡಾಂಬರು ರಸ್ತೆಯಿಂದ ಹಂದರದ ತನಕ ಯಾರು ಕರೆತರಬೇಕು? ರಾತ್ರಿ ಅವಳು ಎಲ್ಲಿ ಮಲಗಬೇಕು? ಆ ಚೌಕದ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕಾಕಾ ತನ್ನ ಹೊಲದಲ್ಲೇ ಲಗ್ನ ಮಾಡುತ್ತೇನೆಂದು ಹಟ ಹಿಡಿದಿದ್ದ. ಹಟಕ್ಕೆ ಕಾರಣವಿತ್ತು. ತೊಗರಿ ಸಂಕ್ರಾಂತಿಯ ಹೊತ್ತಿಗೆ ಮನೆ ಸೇರಿತ್ತು, ಜೋಳದ ಕಣ ಮುಗಿದಿತ್ತು, ಕಬ್ಬು ಕಾರ್ಖಾನೆಗೆ ಹೋಗಿತ್ತು. ಬೇಸಿಗೆಯಲ್ಲಿ ನಮ್ಮ ಕಡೆ ನೆಲ ಖಾಲಿ. ಬಾವಿಯ ಪಕ್ಕ ದೊಡ್ಡ ಹುಣಸೆಮರಗಳಿವೆ. ಬೀದರಕ್ಕೂ ಜಹೀರಾಬಾದಿಗೂ ನಡುವಿನ ನ್ಯಾಲಕಲ್ ಸೀಮೆಯ ಊರು. ಮೂರೂ ಕಡೆಯ ಬಳಗಕ್ಕೆ ಅದು ಹೆಚ್ಚುಕಡಿಮೆ ಮಧ್ಯ.

ಮೂರು ಕಡೆ ಎಂದರೆ ಏನೆಂಬುದು ಅವ್ವನ ಟ್ರಂಕು ತೆಗೆದರೆ ಗೊತ್ತಾಗುತ್ತದೆ. ಆಕೆ ಬಳಗದ ಲಗ್ನಪತ್ರಿಕೆ ಒಂದನ್ನೂ ಬಿಸಾಡಿಲ್ಲ. ಅರಿಶಿಣ ಹಚ್ಚಿದ ಮೂಲೆಗಳು ಈಗ ಕಂದಾಗಿವೆ. ಆ ಪತ್ರಿಕೆಗಳಲ್ಲಿ ವಧುವರರ ಹೆಸರಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ವಿಳಾಸದ ಸಾಲು. ನಮ್ಮ ಊರು ಮೇದಕ ಜಿಲ್ಲೆ ಎಂದು ಅಚ್ಚಾದ ಪತ್ರಿಕೆಗಳೇ ಹೆಚ್ಚು. ಈಚಿನವುಗಳಲ್ಲಿ ಸಂಗಾರೆಡ್ಡಿ ಜಿಲ್ಲೆ. ಅಜ್ಜಿಯ ಲಗ್ನಕ್ಕೆ ಪತ್ರಿಕೆಯೇ ಇರಲಿಲ್ಲ. ಇದ್ದಿದ್ದರೆ ಅದರಲ್ಲಿ ಬೀದರ ಜಿಲ್ಲೆ ಎಂದಿರುತ್ತಿತ್ತು.

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಅದರ ಜೊತೆ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲೂಕು ಇಡಿಯಾಗಿ ಆಂಧ್ರಪ್ರದೇಶಕ್ಕೆ ಹೋಯಿತು. ಜಹೀರಾಬಾದ್ ತಾಲೂಕೂ ಹೋಯಿತು, ನಿರ್ಣಾ ಸರ್ಕಲ್ ಮಾತ್ರ ಮೈಸೂರಿಗೆ ಉಳಿಯಿತು. ನಮ್ಮ ನ್ಯಾಲಕಲ್ ಸರ್ಕಲ್ ಇದ್ದದ್ದು ಬೀದರ ತಾಲೂಕಿನಲ್ಲಿ. ಅದನ್ನು ಬಿಡಿಸಿ ಆಚೆ ಕೊಟ್ಟರು. ದಕ್ಷಿಣಕ್ಕೆ ಗುಲಬರ್ಗಾ ಜಿಲ್ಲೆಯ ತಾಂಡೂರ, ಕೊಡಂಗಲ್ ತಾಲೂಕುಗಳಿಗೂ ಅದೇ ಆಯಿತು. ತಾಂಡೂರಿಗೆ ಕೊಟ್ಟ ಅತ್ತೆಯ ಮನೆಯ ಪತ್ರಿಕೆಗಳನ್ನು ಸಾಲಾಗಿ ಹಾಸಿದರೆ ಹೈದರಾಬಾದ್ ಜಿಲ್ಲೆ, 1978ರ ನಂತರ ರಂಗಾರೆಡ್ಡಿ, 2016ರ ಅಕ್ಟೋಬರಿನ ನಂತರ ವಿಕಾರಾಬಾದ್.

ಹೆಣ್ಣು ಕೊಡುವ ತರುವ ಮಂದಿ ಮಾತ್ರ ಈ ಗೆರೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಬ್ಬ ಅತ್ತೆ ಖೇಡಕ್ಕೆ ಹೋದಳು. ನಾರಾಯಣಖೇಡವನ್ನು ನಾವು ಖೇಡ ಎಂದೇ ಕರೆಯುವುದು. ಒಬ್ಬಾಕೆ ತಾಂಡೂರಿಗೆ, ಒಬ್ಬಾಕೆ ಬೀದರಕ್ಕೆ. ಕಾಕು ಬಂದದ್ದು ಔರಾದದಿಂದ, ಅವಳ ತಂಗಿ ಹೋದದ್ದು ಉದಗೀರಕ್ಕೆ. ಮಕ್ಕಳು ಕಲಿತದ್ದು ತೆಲುಗು ಶಾಲೆಯಲ್ಲಿ, ಕನ್ನಡ ಶಾಲೆಯಲ್ಲಿ, ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಎಲ್ಲರದೂ ಕನ್ನಡ. ನಮ್ಮ ಬೀಗರು ಕನ್ನಡದಲ್ಲಿ ತಕರಾರು ತೆಗೆದು, ತೆಲುಗಿನಲ್ಲಿ ದನಿ ಏರಿಸಿ, ಕೊನೆಗೆ ಉರ್ದುವಿನಲ್ಲಿ ರಾಜಿಯಾಗುತ್ತಾರೆ. ಮೂರರಲ್ಲಿ ಒಂದು ಭಾಷೆ ಕಡಿಮೆಯಾದರೂ ರಾಜಿ ಆಗುತ್ತಿರಲಿಲ್ಲವೇನೋ. ಲಗ್ನದ ದಿನ ಹೊಲದ ಬದುವಿಗೆ ನಿಂತ ಗಾಡಿಗಳ ನಂಬರ್ ನೋಡಿದರೆ ಬೀದರದ ಕೆಎ 38, ಕಲಬುರಗಿಯ ಕೆಎ 32, ಸಂಗಾರೆಡ್ಡಿಯ ಟಿಎಸ್ 15, ವಿಕಾರಾಬಾದಿನ ಟಿಎಸ್ 34, ಜೊತೆಗೆ ಮಹಾರಾಷ್ಟ್ರದವು. ನಡುವೆ 2024ರಿಂದ ಶುರುವಾದ ಟಿಜಿ ಅಕ್ಷರದ ಹೊಸ ಗಾಡಿಗಳು. ಮುರಿದುಹೋದ ಬೀದರ ಜಿಲ್ಲೆ ಒಂದು ದಿನದ ಮಟ್ಟಿಗೆ ಕಾಕಾನ ಹೊಲದಲ್ಲಿ ಕೂಡಿತ್ತು. ನನಗೆ ಇದು ದೊಡ್ಡ ಸಂಗತಿ. ಸರಕಾರಗಳು ಹಂಚಿಕೊಂಡ ನೆಲವನ್ನು ಹೆಣ್ಣುಮಕ್ಕಳು ತವರಿಗೆ ಬಂದುಹೋಗುತ್ತ ಹೊಲಿದು ಇಟ್ಟಿದ್ದಾರೆ.

ಆದರೆ ಬಂದುಹೋಗುವುದೇ ಕಷ್ಟದ ಕೆಲಸ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ. ಎರಡೂ ಹೆಂಗಸರಿಗೆ ಬಸ್ಸಿನಲ್ಲಿ ಪುಕ್ಕಟೆ, ಎರಡೂ ಆಯಾ ರಾಜ್ಯದವರಿಗೆ ಮಾತ್ರ, ಆಯಾ ರಾಜ್ಯದ ನೆಲದಲ್ಲಿ ಮಾತ್ರ. ಬೀದರದ ಅತ್ತೆ ಬಸವಕಲ್ಯಾಣಕ್ಕೆ ಹೋಗಿಬರಲು ರೂಪಾಯಿ ಕೊಡಬೇಕಾಗಿಲ್ಲ, ಹುಟ್ಟಿದ ಊರಿಗೆ ಬರಬೇಕಾದರೆ ಟಿಕೀಟು ತೆಗೆಯಬೇಕು. ಖೇಡದ ಅತ್ತೆ ಹೈದರಾಬಾದಿನ ತನಕ ಪುಕ್ಕಟೆ ಹೋಗುತ್ತಾಳೆ, ಅಕ್ಕನ ಮನೆಗೆ ಹೊರಟರೆ ದುಡ್ಡು. ಇಬ್ಬರೂ ಆಧಾರ್ ಕಾರ್ಡು ಮುಂದೆ ಹಿಡಿದು ತಮ್ಮ ತಮ್ಮ ಸರಕಾರವನ್ನು ಹೊಗಳಿಕೊಳ್ಳುವುದನ್ನು ಕೇಳಬೇಕು. ಒಂದೇ ತಾಯಿಯ ಮಕ್ಕಳು, ಒಂದು ಬಸ್ಸಿನಲ್ಲಿ ಜೊತೆಗೆ ಕೂತರೆ ಒಬ್ಬಳ ಟಿಕೀಟಿಗೆ ಮಾತ್ರ ದುಡ್ಡು.

ತಾಂಡೂರಿನವರು ರೈಲಿಗೆ ಬರುವ ಮಂದಿ. ವಾಡಿ–ಸಿಕಂದರಾಬಾದ್ ಹಳಿ 1874ರದು, ಅವರ ಊರು ಅದರ ಮೇಲಿದೆ, ಹಾಗಾಗಿ ರೈಲಿನ ಮೇಲೆ ಅವರಿಗೆ ಪಿತ್ರಾರ್ಜಿತ ವಿಶ್ವಾಸ. ವಿಕಾರಾಬಾದಿನಲ್ಲಿ ಇಳಿದು ಬೀದರ–ಪರಳಿ ಹಳಿಯ ಗಾಡಿ ಹಿಡಿದು ಜಹೀರಾಬಾದಿಗೆ ಬರಬೇಕು. ಗಾಡಿ ಕೂಡದಿದ್ದರೆ ವಿಕಾರಾಬಾದಿನ ಪ್ಲಾಟ್‌ಫಾರ್ಮಿನಲ್ಲೇ ಬುತ್ತಿ ಬಿಚ್ಚುವುದು. ಖೇಡಕ್ಕೆ ರೈಲಿಲ್ಲ. ಅವರು ಮಂಜೀರಾ ದಾಟಿ ಕ್ರೂಸರ್ ಗಾಡಿಯಲ್ಲಿ ಬರುತ್ತಾರೆ. ಹತ್ತು ಜನರ ಗಾಡಿಯಲ್ಲಿ ಎಷ್ಟು ಜನ ಇಳಿದರು ಎಂದು ಎಣಿಸಿದರೆ ದೃಷ್ಟಿಯಾಗುತ್ತದೆಂದು ನಮ್ಮ ಮಂದಿ ಎಣಿಸುವುದಿಲ್ಲ. ಗಡಿಯಾಚೆಯಿಂದ ಬಾಡಿಗೆ ಗಾಡಿ ತಂದರೆ ಈ ರಾಜ್ಯದ ತೆರಿಗೆ ಕಟ್ಟಬೇಕು, ತಾತ್ಕಾಲಿಕ ಪರ್ಮಿಟ್ ಮಾಡಿಸಬೇಕು. ಆ ಖರ್ಚಿಗೆ ಹಿಂಜರಿದು ಕೆಲವರು ಸಾಮಾನು ಸಾಗಿಸುವ ಡಿಸಿಎಂ ಗಾಡಿಗೆ, ಟ್ರ್ಯಾಕ್ಟರ್ ಟ್ರಾಲಿಗೆ ಹೆಂಗಸರು ಮಕ್ಕಳನ್ನು ಹತ್ತಿಸುತ್ತಾರೆ. ಲಗ್ನದ ಟ್ರಾಲಿ ಮಗುಚಿದ ಸುದ್ದಿಯನ್ನು ನಾವು ಎಷ್ಟು ಬೇಸಿಗೆ ಓದಿಲ್ಲ? ಸತ್ತವರ ಮನೆಗೆ ಮಾತನಾಡಿಸಲು ಹೋದವರಿಗೆ ಗೊತ್ತು, ಉಳಿಸಿದ ಬಾಡಿಗೆ ಎಷ್ಟಿತ್ತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೀಗರಿಗೆ ಆಯೇರಿ ಕಡಿಮೆ ಮಾಡಿ, ಹಂದರದ ಲೈಟು ಕಡಿಮೆ ಮಾಡಿ, ಸೀಟಿರುವ ಗಾಡಿ ಮಾಡಿ. ಇದರಲ್ಲಿ ಚೌಕಾಸಿ ಬೇಡ.

ನಮ್ಮ ಹೊಲಕ್ಕೆ ಬಸ್ಸು ಬರುವಂತಿರಲಿಲ್ಲ. ಬಂಡಿದಾರಿಯಲ್ಲಿ ನಾಲಾ ಮೇಲೊಂದು ಸಣ್ಣ ಪೂಲು, ಅದರಾಚೆ ಬಸ್ಸು ತಿರುಗಿಸಲು ಜಾಗವಿಲ್ಲ. ಕಾಕಾನ ಮಗ ಸ್ಕ್ಯಾನ್ ಮಾಡಿಸಿದ ನಕ್ಷೆಗೆ ಈ ಪೂಲು ಗೊತ್ತಿರಲಿಲ್ಲ. ಕಾಕಾ ಡಾಂಬರು ರಸ್ತೆಯಲ್ಲೇ ನೆರಳು ಹಾಕಿಸಿ, ನೀರಿನ ಕ್ಯಾನು ಇಡಿಸಿ, ಅಲ್ಲಿಂದ ಹಂದರದ ತನಕ ಆಟೋ ಓಡಿಸಿದ. ಪಕ್ಕದ ಹೊಲದ ಚಾಚಾ ಕಾಕಾನ ಬಾಲ್ಯದ ಗೆಳೆಯ. ಆತ ಕಬ್ಬು ಕಡಿದ ತನ್ನ ನೆಲವನ್ನು ಗಾಡಿ ನಿಲ್ಲಿಸಲು ಬಿಟ್ಟುಕೊಟ್ಟ, ಬೋರಿನ ನೀರನ್ನೂ ಬಿಟ್ಟ. ಧೂಳು ಏಳಬಾರದೆಂದು ಹಿಂದಿನ ರಾತ್ರಿ ದಾರಿಗೆ ಟ್ಯಾಂಕರಿನಿಂದ ನೀರು ಹೊಡೆಸಿದವನೂ ಆತನೇ.

ಇನ್ನು ಬಿಡದಿ. ಪತ್ರಿಕೆ ಮಾಡಿಸಿದ ತಮ್ಮನ ಪ್ರಕಾರ ಅದಕ್ಕೂ ಸುಲಭದ ಉತ್ತರವಿತ್ತು: ಜಹೀರಾಬಾದಿನಲ್ಲಿ 65ನೇ ನಂಬರಿನ ಹೆದ್ದಾರಿಗೆ ಲಾಡ್ಜುಗಳಿವೆ, ರೂಮು ಹಿಡಿದುಬಿಡೋಣ. ವರನ ಗೆಳೆಯರಿಗೆ ಹಿಡಿದೆವು ಕೂಡ. ಅವರು ಅಕ್ಷತೆಯ ಹೊತ್ತಿಗೆ ಬಂದರು, ಉಂಡರು, ಹೋದರು. ಸುರಗಿ ಸುತ್ತಿದ್ದು, ಎಣ್ಣಿ ಅರಿಶಿಣ, ರಾತ್ರಿ ಕಾಕುವಿನ ಅಕ್ಕತಂಗಿಯರು ಬೀಗರ ಹೆಸರು ಹಿಡಿದು ಹಾಡಿ ಅವರ ನೀರಿಳಿಸಿದ್ದು, ಒಂದೂ ಅವರ ಪಾಲಿಗೆ ಬರಲಿಲ್ಲ.

ಉಳಿದವರನ್ನು ಊರಿನ ಮನೆಗಳಿಗೆ ಹಂಚಿದ್ದು ಖೇಡದ ಅತ್ತೆ. ಲಗ್ನಕ್ಕೆ ವಾರ ಮೊದಲೇ ಬಂದು ಓಣಿ ಓಣಿ ತಿರುಗಿದಳು. ಯಾರ ಮನೆಯಲ್ಲಿ ಎಷ್ಟು ಕೌದಿಗಳಿವೆ, ಯಾರ ಬಚ್ಚಲಿಗೆ ಅಗುಳಿ ಗಟ್ಟಿಯಿದೆ, ಯಾರ ಮನೆ ನಾಯಿ ಹೊಸಬರಿಗೆ ಬೊಗಳುತ್ತದೆ, ಎಲ್ಲ ನೋಡಿಕೊಂಡಳು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಹಿರಿಯರಿಗೆ ಬೆಳಗಿನ ಜಾವ ಶಾಂತವಾಗಿರುವ, ಕೂಡಲು ಚೊಕ್ಕ ಮೂಲೆಯಿರುವ ಮನೆ. ಗೊರಕೆ ಹೊಡೆಯುವ ಮೂವರು ಮಾಮಂದಿರಿಗೆ ಒಂದೇ ಪಡಸಾಲೆ. “ಒಬ್ರಿಗೊಬ್ರು ಕೇಳಿಸ್ಕೊಳ್ಳಿ, ಉಳದವ್ರು ಯಾಕ ಅನುಭವಿಸ್ಬೇಕು?” ಎಂದಳು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಫ್ರಿಜ್ ಇರುವ ಮನೆ. ಮಾತು ಬಿಟ್ಟ ಇಬ್ಬರು ಓರಗಿತ್ತಿಯರಿಗೆ ಊರಿನ ಎರಡು ತುದಿ. ತಾಂಡೂರಿನವರಿಗೆ ಫರ್ಸಿ ಹಾಸಿದ ಮನೆಯೇ ಬೇಕು. ತಮ್ಮೂರ ಕಲ್ಲಿನ ಮೇಲಲ್ಲದೆ ಬೇಸಿಗೆಯಲ್ಲಿ ನಿದ್ದೆ ಬರುವುದಿಲ್ಲವೆಂದು ಅವರ ವಾದ. ಶಹಾಬಾದಿನ ಫರ್ಸಿಗಿಂತ ತಮ್ಮದು ತಂಪು ಎಂದೂ ಹೇಳುತ್ತಾರೆ. ಎರಡೂ ಭೀಮಾ ಸೀಮೆಯ ಒಂದೇ ಸುಣ್ಣಗಲ್ಲಿನ ಪದರು ಎಂದರೆ ಕೇಳುವವರಲ್ಲ. ಸಂಜೆ ನೀರು ಹೊಡೆದು, ಒರೆಸಿ, ತೆಳು ದುಪ್ಪಟಿ ಹಾಸಿ ಮಲಗಿದರೆ ಅವರ ಮಾತು ಒಪ್ಪಬೇಕೆನಿಸುತ್ತದೆ ಎಂಬುದೂ ನಿಜ. ಅವರು ಬರುವಾಗ ತಮ್ಮ ಹೊಲದ ತೊಗರಿಬೇಳೆಯ ಚೀಲವನ್ನೂ ತಂದಿದ್ದರು. 2022ರಲ್ಲಿ ತಾಂಡೂರ ತೊಗರಿಗೆ ಜಿಐ ಮಾನ್ಯತೆ ಸಿಕ್ಕ ಮೇಲೆ ಆ ಬೇಳೆಯ ಸಾರು ಉಂಡು ಸುಮ್ಮನಿರುವಂತಿಲ್ಲ, ಚಲೋ ಆಗಿದೆ ಎಂದು ಬಾಯಿಬಿಟ್ಟು ಹೇಳಲೇಬೇಕು.

ಊರ ಮನೆಗಳಲ್ಲಿ ಉಳಿಸಬೇಕೆಂದು ನಾನು ಹಟ ಮಾಡಿದ್ದು ಹಳೆಯದರ ಮೋಹಕ್ಕಲ್ಲ. ಹಳೆಯದರಲ್ಲಿ ಹೆಂಗಸರು ಅನುಭವಿಸಿದ್ದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆಗಿನ ಹೊಲದ ಲಗ್ನಗಳಲ್ಲಿ ಹೆಂಗಸರು ನಸುಕಿನಲ್ಲೇ ಕತ್ತಲೆ ಹುಡುಕಿಕೊಂಡು ಹೋಗಿಬರುತ್ತಿದ್ದರು. ಆಮೇಲೆ ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ಸುಡುಬಿಸಿಲು, ರೇಷ್ಮೆ ಸೀರೆ, ನಡುಮಧ್ಯಾಹ್ನದ ಅಕ್ಷತೆ, ಗಂಟಲಿಗೆ ನೀರಿಲ್ಲ. ತಲೆ ತಿರುಗಿ ಬಿದ್ದವಳಿಗೆ ದೃಷ್ಟಿಯಾಯಿತೆಂದು ನಿವಾಳಿಸುತ್ತಿದ್ದರು. ಈಗಲೂ ಹೊಲದಲ್ಲಿ ಹಂದರ ಹಾಕುವವರು ಹೂವಿನ ಕಮಾನಿಗೆ ತಿಂಗಳ ಮೊದಲೇ ಮುಂಗಡ ಕೊಡುತ್ತಾರೆ, ಸಂಡಾಸದ ಮಾತು ಹಿಂದಿನ ದಿನ ಬರುತ್ತದೆ. ಮೊಲೆಯೂಡಿಸುವವಳು, ಮುಟ್ಟಾದವಳು, ಹೆರಿಗೆಯಾಗಿ ಮೂರು ತಿಂಗಳಾದವಳು, ಸಕ್ಕರೆ ಕಾಯಿಲೆಯ ಮುದುಕಿ, ಇವರೆಲ್ಲ ಅತಿಥಿಗಳೇ. ಅವರಿಗೆ ಮೊದಲು ಬೇಕಾದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ಊರ ಮನೆಗಳಲ್ಲಿ ಈಗ ಅದಿದೆ. ಹೊಲದಲ್ಲೂ ಇರಲೇಬೇಕೆಂದು ಅತ್ತೆ ಪಟ್ಟು ಹಿಡಿದಳು. ಬಾವಿಯಿಂದ ದೂರದಲ್ಲಿ ತಗಡಿನ ಗೋಡೆ, ಮೇಲೆ ತಗಡು, ನೀರಿನ ಟಾಕಿ, ಒಳಗೆ ಬಲ್ಬು, ಬಾಗಿಲಿಗೆ ಚಿಲಕ. ಕಾಕಾ ಮೊದಲು ಖರ್ಚೆಂದು ಗೊಣಗಿದ. “ಹಂಗಾದ್ರ ಕಮಾನ ಬಿಡು,” ಎಂದಳು ಅತ್ತೆ. ಕಾಕಾ ಕಮಾನು ಬಿಟ್ಟ.

ಆ ಸಲ ಹೆಂಗಸರು ನೀರು ಕುಡಿದರು. ಮಜ್ಜಿಗೆ ಕೇಳಿ ಕೇಳಿ ಕುಡಿದರು.

ಮುಂದಿನ ಲಗ್ನ ತಾಂಡೂರ ಕಡೆ, ಅತ್ತೆಯ ಮೊಮ್ಮಗನದು. ಅದೂ ಹೊಲದಲ್ಲೇ ಅಂತೆ. ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಫೋನ್ ಮಾಡಿ ಹೇಳಿದ್ದೇನೆ: ಆ ಚೌಕ ಬೇಕಾದರೆ ಇರಲಿ, ಪಕ್ಕದಲ್ಲಿ ಸೂಚನೆ ಎಂದು ಎರಡು ಸಾಲು ಹಾಕಿಸಿರಿ, ಸ್ಟೇಷನ್ನಿಗೆ ಬರುವವರ ಹೆಸರು, ಫೋನ್ ನಂಬರು ಬರೆಸಿರಿ. ನಮ್ಮ ಕಡೆಯಿಂದ ಬರುವವರಲ್ಲಿ ಇಬ್ಬರಿಗೆ ಕೆಳಗೆ ಕೂಡಲು ಆಗುವುದಿಲ್ಲ, ಕಮೋಡ್ ಇರುವ ಮನೆ ನೋಡಿಡಿರಿ. ಗೊರಕೆಯ ಮಾಮಂದಿರು ಮೂವರೂ ಬರುತ್ತಾರೆ.