ಅಂಗೈಯಷ್ಟು ಇಂಜಿನ್‌ಗೆ ಡಿಕೋಡರ್ ಹುಡುಕಿದ್ದು

2020ರಲ್ಲಿ ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ ಶುರುವಾದಾಗ ಸುದ್ದಿಗೆಂದು ಹೋದವರು ನಾವು. ರೈಲಿನ ಹುಚ್ಚು ಹಿಡಿಸಿಕೊಂಡು ಬಂದೆವು. ಫಿಟ್ಟರ್ ಆಗಿ ನಿವೃತ್ತರಾದ ನಮ್ಮ ಕಾಕಾನ ಹತ್ತಿರ 1:160 ಅಳತೆಯ ಹಳೇ ಉಗಿಬಂಡಿ ಮಾದರಿ ಇತ್ತು. ಅದನ್ನು ಡಿಜಿಟಲ್ ಮಾಡಿಕೊಡುತ್ತೇವೆ ಎಂದು ಮಾತು ಕೊಟ್ಟುಬಿಟ್ಟೆವು.

ಹಳೇ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ಏರಿಸಿದಷ್ಟು ವೇಗ. ಡಿಜಿಟಲ್‌ನಲ್ಲಿ ಹಳಿಗೆ ಸದಾ ಪೂರ್ತಿ ಕರೆಂಟ್. ಮೊಬೈಲ್‌ನಂತೆ ಇಂಜಿನ್‌ಗೊಂದು ನಂಬರ್. ಆ ನಂಬರಿಗೆ ಬಂದ ಆದೇಶವನ್ನಷ್ಟೇ ಒಳಗಿನ ಡಿಕೋಡರ್ ಪಾಲಿಸುತ್ತದೆ.

ಕೂಗುತ್ತದೆ ಎಂಬ ಆಸೆಗೆ, ಹತ್ತಾರು ವರದಿಗಳ ಸಂಭಾವನೆ ಸುರಿದು ಸೌಂಡ್ ಡಿಕೋಡರ್ ತರಿಸಿದೆವು. ಸ್ಪೀಕರ್ ಸಮೇತ ಟೆಂಡರಿನೊಳಗೆ ಹಿಡಿಸಲೇ ಇಲ್ಲ.

“ಮೊದಲ ಅಳತಿ, ಆಮ್ಯಾಲೆ ಸಾಮಾನು. ಇಷ್ಟೂ ತಿಳೀಲಿಲ್ಲೇನೋ ತಮ್ಮಾ?” ಅಂದ ಕಾಕಾ. ನಡುಗುವ ಕೈಯಿಂದಲೇ ಗಾಲಿ ಒತ್ತಿ ಹಿಡಿದು, ಮೀಟರ್ ಹಚ್ಚಿದ. ತಿರುಗದೆ ನಿಂತ ಮೋಟರ್ 0.6 ಆಂಪಿಯರ್ ಎಳೆಯುತ್ತಿತ್ತು. 0.5ರ ಡಿಕೋಡರ್ ಹಾಕಿದ್ದರೆ ಒಂದು ದಿನ ಸುಟ್ಟೇ ಹೋಗುತ್ತಿತ್ತು. ಮೋಟರಿನ ಒಂದು ತುದಿ ಇಂಜಿನ್ನಿನ ಕಬ್ಬಿಣಕ್ಕೇ ತಾಗಿತ್ತು, ಅದನ್ನೂ ಬಿಡಿಸಿದ.

ಕಡೆಗೆ ಹಿಡಿಸಿದ್ದು ಸದ್ದಿಲ್ಲದ, 1 ಆಂಪಿಯರ್‌ನ ಸಣ್ಣದು. ಜೊತೆಗೊಂದು ಕೆಪಾಸಿಟರ್: ನಮ್ಮೂರ ಧೂಳು ಹಳಿ ಮೇಲೆ ಕೂತು ಕರೆಂಟ್ ತಪ್ಪಿದರೂ ಅರೆಗಳಿಗೆ ಬಂಡಿ ನಿಲ್ಲುವುದಿಲ್ಲ.

ಸೌಂಡ್ ಡಿಕೋಡರ್ ಇನ್ನೂ ಕಪಾಟಿನಲ್ಲಿದೆ. ತಿರುವಿನಲ್ಲಿ ಕಾಕಾನೇ ಕೂಗುತ್ತಾನೆ.