ನೀರಿಗಲ್ಲ, ಅವಳಿಗೆ ಹೇಳು

ಅಮೆರಿಕದಲ್ಲಿ ಶಿಶುಶಿಕ್ಷಣದ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವ ನಾನು 2025ರ ಸೆಪ್ಟೆಂಬರಿನಲ್ಲಿ ವಾರಕ್ಕೆ ಮೂರು ದಿನ ಒಂದು ಯಹೂದಿ ಶಿಶುವಿಹಾರದ ಮೂಲೆಯಲ್ಲಿ ಕೂರುತ್ತಿದ್ದೆ. ನಾಲ್ಕು ವರ್ಷದ ಹನ್ನೆರಡು ಮಕ್ಕಳು. ನನ್ನ ಕೆಲಸ ನೋಡುವುದು, ಬರೆದುಕೊಳ್ಳುವುದು, ಬಾಯಿ ಮುಚ್ಚಿಕೊಂಡಿರುವುದು.

ಅದು ಅವರ ಹಬ್ಬಗಳ ಕಾಲ. ಯಹೂದಿ ಪಂಚಾಂಗದ ತಿಶ್ರೀ ಮಾಸದಲ್ಲಿ ಮೂರು ವಾರಗಳೊಳಗೆ ಹೊಸ ವರ್ಷವಾದ ರೋಶ್ ಹಶಾನಾ, ಉಪವಾಸದ ಯೋಮ್ ಕಿಪ್ಪುರ್, ಚಪ್ಪರದ ಹಬ್ಬ ಸುಕ್ಕೋತ್ ಒಂದರ ಹಿಂದೊಂದು ಬರುತ್ತವೆ. ನಮ್ಮ ಹಾಗೆ ಅವರದೂ ಚಂದ್ರನನ್ನು ನೋಡಿಕೊಂಡು, ಆಗಾಗ ಅಧಿಕ ಮಾಸ ಸೇರಿಸಿಕೊಂಡು ನಡೆಯುವ ಲೆಕ್ಕ. ಆ ವರ್ಷ ಅವರ ಹೊಸ ವರ್ಷ ಶುರುವಾದದ್ದು ಸೆಪ್ಟೆಂಬರ್ 22ರ ಸಂಜೆ. ನಮ್ಮ ನವರಾತ್ರಿ ಶುರುವಾದದ್ದೂ ಅದೇ ದಿನ.

ಟೀಚರ್ ಹಬ್ಬದ ಕಥೆ ಹೇಳಿದ್ದು ಕಡಿಮೆ, ಮಕ್ಕಳ ಕೈಗೆ ಕೊಟ್ಟದ್ದೇ ಹೆಚ್ಚು. ಸೇಬನ್ನು ಅಡ್ಡಕ್ಕೆ ಕತ್ತರಿಸಿದರೆ ಬೀಜದ ಜಾಗದಲ್ಲಿ ನಕ್ಷತ್ರ ಕಾಣುತ್ತದೆ. ಅದನ್ನು ಬಣ್ಣದಲ್ಲಿ ಅದ್ದಿ ಶುಭಾಶಯ ಪತ್ರಕ್ಕೆ ಅಚ್ಚು ಹಾಕಿದರು. ಇನ್ನೊಂದು ಸೇಬನ್ನು ಹೋಳು ಮಾಡಿ, ವರ್ಷ ಸಿಹಿಯಾಗಿರಲಿ ಎಂದು ಜೇನಿನಲ್ಲಿ ಅದ್ದಿ ತಿಂದರು. ಹಿಟ್ಟನ್ನು ಹಾವಿನಂತೆ ಹೊಸೆದು, ಸುರುಳಿ ಸುತ್ತಿ ದುಂಡನೆಯ ಬ್ರೆಡ್ ಮಾಡಿದರು. ಟಗರಿನ ಕೊಂಬು ಶೋಫಾರ್ ಊದಿದಾಗ ಒಂದೇ ಉದ್ದನೆಯ ದನಿಗೆ ಕೈ ಚಾಚಿ ನಿಂತರು, ಮೂರು ತುಂಡು ದನಿಗೆ ಮೂರು ಸಲ ಬಾಗಿದರು, ಒಂಬತ್ತು ಪುಟ್ಟ ದನಿಗಳಿಗೆ ಒಂಬತ್ತು ಸಲ ಕುಪ್ಪಳಿಸಿದರು. 'ದೈಹಿಕ ಚಲನೆಯ ಮೂಲಕ ಕಲಿಕೆ' ಎಂದು ನಾನು ಬರೆದುಕೊಂಡೆ.

ಹೊಸ ವರ್ಷದ ದಿನ ಹರಿಯುವ ನೀರಿನ ಬಳಿ ಹೋಗಿ ತಪ್ಪುಗಳನ್ನು ಬಿಟ್ಟುಬರುವ ತಶ್ಲೀಖ್ ಎಂಬ ಆಚರಣೆಯಿದೆ. ತರಗತಿಯಲ್ಲಿ ಹೊಳೆಯ ಬದಲು ಒಂದು ಪ್ಲಾಸ್ಟಿಕ್ ಟಬ್. ಒಬ್ಬೊಬ್ಬರಿಗೂ ಒಂದು ಬೆಣಚುಕಲ್ಲು. ತಾನು ಮಾಡಿದ ಒಂದು ತಪ್ಪನ್ನು ನೆನೆದು ಕಲ್ಲನ್ನು ನೀರಿಗೆ ಬಿಡಬೇಕು. ಒಬ್ಬ ಹುಡುಗ "ನಾನು ಅವಳ ಗೋಪುರ ಬೀಳಿಸಿದೆ, ಸಾರಿ" ಎಂದು ಟಬ್ಬಿಗೆ ಹೇಳಿ, ಕಲ್ಲು ಹಾಕಿ ಓಡಿದ. ಟೀಚರ್ ಅವನನ್ನು ಮೆಲ್ಲಗೆ ಕರೆದು ಹೇಳಿದರು: "ಗೋಪುರ ನೀರಿನದಾಗಿತ್ತಾ? ಅವಳಿಗೆ ಹೇಳು."

ಅವನು ಕೆಂಪಗಾದ. ಟಬ್ಬಿನಿಂದ ಆ ಹುಡುಗಿಯವರೆಗೆ ನಾಲ್ಕು ಹೆಜ್ಜೆ. ಅಷ್ಟು ನಡೆಯಲು ಅವನಿಗೆ ತುಂಬಾ ಹೊತ್ತು ಹಿಡಿಯಿತು. ಅವಳು "ಪರವಾಗಿಲ್ಲ" ಅನ್ನಲಿಲ್ಲ. "ಮತ್ತೆ ಕಟ್ಟೋಣ ಬಾ" ಅಂದಳು.

ಆ ಮಾತು ಟೀಚರ್ ಹೊಸದಾಗಿ ಕಂಡುಕೊಂಡದ್ದೇನಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾದ ಯೋಮಾ ಭಾಗದಲ್ಲೇ ಇದೆ: ದೇವರಿಗೆ ಮಾಡಿದ ತಪ್ಪಿಗೆ ಯೋಮ್ ಕಿಪ್ಪುರ್ ಪ್ರಾಯಶ್ಚಿತ್ತವಾದೀತು, ಮನುಷ್ಯರಿಗೆ ಮಾಡಿದ್ದಕ್ಕೆ, ಅವರನ್ನೇ ಕಂಡು ಸಮಾಧಾನಪಡಿಸುವವರೆಗೆ ಆ ದಿನವೂ ಪರಿಹಾರವಲ್ಲ.

ಅಂದು ನನ್ನ ಟಿಪ್ಪಣಿ ಅಲ್ಲಿಗೇ ನಿಂತಿತು.

ಜೂನ್‌ನಲ್ಲಿ ಅಕ್ಕನಿಗೆ ಒಂದು ಮಾತು ಹೇಳಿದ್ದೆ. ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ಕೆಲಸ ಬಿಟ್ಟು ತೀರ್ಥಹಳ್ಳಿಯ ಮನೆ ಸೇರಿದ್ದು ಅವಳು. ಫೋನಿನಲ್ಲಿ ಏನೋ ಮಾತಿಗೆ ಮಾತು ಬೆಳೆದು, "ನಿಂಗೇನು, ಮನೇಲೇ ಇರ್ತೀಯಲ್ಲ" ಅಂದುಬಿಟ್ಟೆ. ಅವಳು ಫೋನ್ ಇಟ್ಟಳು. ಆಮೇಲೆ ಅಪ್ಪನ ಸುದ್ದಿಯೆಲ್ಲ ಅಮ್ಮನ ಮೂಲಕವೇ. ಗಣೇಶ ಚೌತಿಯ ದಿನ ಮನೆಯವರ ವಾಟ್ಸಾಪ್ ಗುಂಪಿಗೆ 'ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮೆಯಿರಲಿ' ಎಂಬ ಹೂವಿನ ಚಿತ್ರದ ಸಂದೇಶ ಹಾಕಿ, ನನ್ನ ಪಾಲಿನದು ಮುಗಿಯಿತು ಅಂದುಕೊಂಡಿದ್ದೆ. ಹದಿನೇಳು ಜನ ಕೈಮುಗಿದಿದ್ದರು. ಅಕ್ಕ ಏನೂ ಹಾಕಿರಲಿಲ್ಲ. ನಾನೂ ಟಬ್ಬಿಗೇ ಹೇಳಿದ್ದೆ.

ಆ ರಾತ್ರಿ ಎಂಟೂವರೆಗೆ ಫೋನ್ ಮಾಡಿದೆ. ಊರಲ್ಲಿ ಬೆಳಗಿನ ಆರು.

"ಏನೇ, ಇಷ್ಟೊತ್ತಿಗೆ? ಎಲ್ಲ ಸರಿ ಇದೆಯಾ?"

"ಅಕ್ಕ, ಜೂನ್‌ನಲ್ಲಿ ನಾನು ಆ ಮಾತು ಹೇಳಬಾರದಿತ್ತು. ತಪ್ಪಾಯ್ತು."

ಒಲೆಯ ಮೇಲಿನ ಹಾಲು ಉಕ್ಕುವ ಸದ್ದು ಕೇಳಿಸಿತು. ಒಲೆ ಆರಿಸಿ ಬಂದು ಅವಳು ಹೇಳಿದಳು: "ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ಕಣೇ. ನೀನು ಹೇಳಿದ್ದು ನಿಜವೇನೋ ಅನ್ನಿಸ್ತು. ಅದಕ್ಕೇ ಸಿಟ್ಟು ಬಂತು." ನನ್ನ ಬಳಿ ಉತ್ತರವಿರಲಿಲ್ಲ. "ಅಪ್ಪಂಗೆ ಮಾತ್ರೆ ಕೊಡೋ ಹೊತ್ತು. ನಾಳೆ ಮಾಡು" ಅಂದಳು. ಮರುದಿನವೂ ಮಾಡಿದೆ.

ಅಕ್ಟೋಬರಿನಲ್ಲಿ ಮಕ್ಕಳು ಅಂಗಳದಲ್ಲಿ ಸುಕ್ಕಾ ಕಟ್ಟಲು ನೆರವಾದರು. ಮರದ ಚೌಕಟ್ಟು, ಬಟ್ಟೆಯ ಗೋಡೆ, ಮೇಲೆ ಜೋಳದ ದಂಟು. ಅದರ ಫೋಟೋ ಅಕ್ಕನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: 'ಇದೆಂಥ ಚಪ್ಪರ ಮಾರಾಯ್ತಿ, ಒತ್ತಾಗಿ ಹೊದಿಸೋಕೆ ಬರಲ್ವಾ?'

'ನೆರಳೂ ಬೇಕು, ಸಂದಿಯಲ್ಲಿ ನಕ್ಷತ್ರವೂ ಕಾಣಬೇಕಂತೆ' ಎಂದು ಬರೆದೆ.

'ಮಳೆ ಬಂದರೆ?'

'ಎದ್ದು ಮನೆಯೊಳಗೆ ಹೋಗಬಹುದಂತೆ.'